ಹೆಬ್ಬೆರಳಿನ ಕುಂಕುಮ

“ಬುದ್ಧೀ, ತಪ್ಪು ಒಬ್ಬನದು, ಬೈಸಿಕೊಂಡವನು ಇನ್ನೊಬ್ಬ. ಬೈಸಿಕೊಂಡವನೇ ಸುಮ್ಮನಿದ್ದಾನೆ ಅಂದಮೇಲೆ ವಿಷಯ ಅಲ್ಲಿಗೆ ಮುಗಿದ ಹಾಗೇ ಅಲ್ಲವೆ?”

ಚನ್ನವೀರ ಇದನ್ನು ಗುರುಗಳ ಮುಂದೆ ಯಾರದೋ ವಿಷಯವೆಂಬಂತೆ ಕೇಳಿದ. ಯಾರದೋ ವಿಷಯವೇನಲ್ಲ. ಹಿಂದಿನ ದಿನ ಮಠದ ದಾಸೋಹದಲ್ಲಿ ಸಾರು ಬಾಯಿಗಿಡುವಂತಿರಲಿಲ್ಲ, ಅಷ್ಟು ಉಪ್ಪು. ಪಂಕ್ತಿಯಲ್ಲಿ ಕೂತವರೆಲ್ಲ ಕೇಳುವಂತೆ ಚನ್ನವೀರ ತನ್ನ ಜೊತೆಯ ಶಿಷ್ಯ ಅಡವಯ್ಯನನ್ನು, “ದನಕ್ಕೆ ಕಲಗಚ್ಚು ಕಲಸೋನು ನೀನು, ನಿನ್ನನ್ನ ಒಲೆ ಮುಂದೆ ನಿಲ್ಲಿಸಿದ್ದು ಯಾರೋ?” ಎಂದು ಗದರಿದ್ದ. ಅಡವಯ್ಯ “ಆಯ್ತಣ್ಣ” ಎಂದು ಸಾರಿನ ಬಕೆಟ್ಟನ್ನು ಒಳಗೆ ಒಯ್ದಿದ್ದ, ಅಷ್ಟೆ. ಸಂಜೆ ಉಪ್ಪಿನ ಮರಿಗೆಯನ್ನು ಎತ್ತಿಡುವಾಗ ಚನ್ನವೀರನಿಗೆ ನೆನಪಾಯಿತು. ಅಡವಯ್ಯ ಹಾಕಿದ ಮೇಲೆ, ಯಾರೊಂದಿಗೋ ಹರಟುತ್ತ ಇನ್ನೊಂದು ಬೊಗಸೆ ಸುರಿದವನು ತಾನೇ. ಸುರಿದು ಕೈ ಕೊಡವುವಾಗ ಅಡವಯ್ಯ ಸೌದೆ ಹೊತ್ತು ಬಾಗಿಲಲ್ಲಿ ನಿಂತಿದ್ದ. ಕಂಡೂ ಇದ್ದ.

ಗುರುಗಳು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟವರೇ ಅಲ್ಲ. ಮಠದ ಹಿಂದಿನ ಗುಡ್ಡದ ಕಡೆ ಒಮ್ಮೆ ನೋಡಿ, ಕತೆಗೆ ತೊಡಗಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನಿಗೆ ಗ್ಲೈಡರ್ ಹಾರಿಸುವ ಹುಚ್ಚು. ಗ್ಲೈಡರ್ ಅಂದರೆ ಇಂಜಿನ್ ಇಲ್ಲದ ವಿಮಾನ; ಇವನದು ಮನುಷ್ಯ ಕೂರುವಂಥದ್ದಲ್ಲ, ಕಂಕುಳಲ್ಲಿ ಇಟ್ಟುಕೊಂಡು ಗುಡ್ಡ ಹತ್ತುವಂಥದ್ದು. ಹಗುರ ಮರದ ಪಟ್ಟಿ ಅಂಟಿಸಿ, ಮೇಲೆ ತೆಳು ಹಾಳೆ ಬಿಗಿದು ತಾನೇ ಮಾಡುತ್ತಿದ್ದ. ಗುಡ್ಡಕ್ಕೆ ಬಡಿದ ಗಾಳಿ ಮೇಲಕ್ಕೇರುತ್ತದಲ್ಲ, ಆ ಗಾಳಿಗೆ ಎಸೆದರೆ ಸಾಕು, ಹದ್ದಿನ ಹಾಗೆ ತೇಲುತ್ತದೆ. ಹಾರಿಸುವವನು ಕೊರಳಿಗೆ ರಿಮೋಟು ನೇತುಹಾಕಿಕೊಂಡು, ಅದರ ಎರಡು ಕಡ್ಡಿಗಳನ್ನು ಹೆಬ್ಬೆರಳಿನಲ್ಲಿ ಅಲುಗಿಸಿ ತಿರುಗಿಸುತ್ತಾನೆ, ಇಳಿಸುತ್ತಾನೆ.

ಈ ಹುಚ್ಚನ್ನು ವ್ಯಾಪಾರಿ ತನ್ನ ಬಾಮೈದನಿಗೂ ಅಂಟಿಸಿದ. ತಾನೇ ಕಲಿಸಿದ. ಕಲಿಸಿದ್ದರಲ್ಲಿ ಒಂದು ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದ. “ಮೇಲೆ ಎರಡು ಗ್ಲೈಡರ್ ಇದ್ದರೆ, ನೀನು ನೋಡ್ತಿರೋದು ನಿನ್ನದೇನಾ ಅಂತ ಆಗಾಗ ರೆಕ್ಕೆ ಆಡಿಸಿ ಕೇಳಬೇಕಯ್ಯ. ಕಡ್ಡಿ ಅಲುಗಿಸಿದಾಗ ರೆಕ್ಕೆ ಆಡಿತೋ, ನಿನ್ನದು. ಆಡಲಿಲ್ಲವೋ, ನಿನ್ನದು ಬೇರೆಲ್ಲೋ ಇದೆ, ಹುಡುಕು.”

ಬಾಮೈದ ಭಾವನ ನಕ್ಷೆಯನ್ನೇ ಇಟ್ಟುಕೊಂಡು ಹೊಸ ಗ್ಲೈಡರ್ ಮಾಡಿದ. ಅದೇ ಅಳತೆ, ಅದೇ ಬಿಳಿ. ಮೊದಲ ಹಾರಾಟದ ದಿನ ಬೆಳಿಗ್ಗೆ ಅವನ ಅಕ್ಕ ಕುಂಕುಮ ಕಲಸಿ ತಂದು ಅದರ ಮೂತಿಯ ಅಡಿಗೆ ಬೊಟ್ಟಿಟ್ಟಳು.

“ಅದೇನು ಲಾರಿಯೇನೇ?” ಎಂದು ವ್ಯಾಪಾರಿ ನಕ್ಕ. “ಚಕ್ರಕ್ಕೆ ನಿಂಬೆಹಣ್ಣೂ ಇಟ್ಟುಬಿಡು. ಓ, ಇದಕ್ಕೆ ಚಕ್ರವೇ ಇಲ್ಲ, ಪಾಪ.”

“ನಿಮ್ಮದಕ್ಕೂ ಒಂದು ಬೊಟ್ಟು ಇಡಲಾ?”

“ನಿನ್ನ ತಮ್ಮನಿಗೆ ಬೇಕು ಅದೆಲ್ಲ. ನನ್ನ ಕೈಗೆ ಕುಂಕುಮದ ಹಂಗಿಲ್ಲ.”

ಅಂದು ಭಾನುವಾರ. ಗುಡ್ಡದ ಮೇಲೆ ಜನ ಸೇರಿದ್ದರು. ಎರಡೂ ಗ್ಲೈಡರ್‌ಗಳು ಗಾಳಿ ಹಿಡಿದು ಏರಿದವು. ಏರಿ, ಒಮ್ಮೆ ಸೂರ್ಯನಿಗೆ ಅಡ್ಡಲಾಗಿ ಒಂದನ್ನೊಂದು ದಾಟಿದವು. ವ್ಯಾಪಾರಿ ಕಣ್ಣು ಕಿರಿದು ಮಾಡಿದ. ಮತ್ತೆ ಕಣ್ಣು ಬಿಟ್ಟಾಗ ತನ್ನದು ಬಲಗಡೆ ಸೊಗಸಾಗಿ ತೇಲುತ್ತಿತ್ತು. ಇನ್ನೊಂದು ಕುಡಿದವನ ಹಾಗೆ ತೂರಾಡಿ, ಗುಡ್ಡದ ಹಿಂಬದಿಗೆ ಸರಿದು, ಬಂಡೆಗಳ ನಡುವೆ ಬಿತ್ತು. ಮರ ಮುರಿದ ಸದ್ದು ಇಲ್ಲಿಯವರೆಗೂ ಕೇಳಿಸಿತು.

“ಹೋಯ್ತಲ್ಲೋ!” ಎಂದ ವ್ಯಾಪಾರಿ. ಕಣ್ಣು ಆಕಾಶದಿಂದ ಕೀಳಲಿಲ್ಲ. ಬಾಯಿಗೆ ಮಾತ್ರ ಬಿಡುವಿತ್ತು. “ಇಷ್ಟು ದಿನ ಒಂದು ಕಲ್ಲಿಗೆ ಹೇಳಿಕೊಟ್ಟಿದ್ದರೆ ಕಲ್ಲೂ ಹಾರ್ತಿತ್ತು. ಕೇಳಿ ಸ್ವಾಮಿ, ಇವರ ಮನೆತನದಲ್ಲೇ ಕೈ ನೆಟ್ಟಗಿಲ್ಲ. ಇವತ್ತಿಗೆ ಸಾಕು ಮಾರಾಯ, ಇನ್ನುಮೇಲೆ ಗುಡ್ಡ ಹತ್ತಬೇಡ. ನಿಮ್ಮಕ್ಕನ ಪಕ್ಕ ಕೂತು ಹೂ ಕಟ್ಟೋದು ಕಲಿ.”

ಜನ ನಕ್ಕರು. ಬಾಮೈದ ಭಾವನ ಹಿಂದೆ ಎರಡು ಮಾರು ದೂರದಲ್ಲಿ ನಿಂತಿದ್ದ. ಅವನ ಕಣ್ಣೂ ಮೇಲೇ ಇತ್ತು. ಆಗಲೇ ಮೇಲಿದ್ದ ಗ್ಲೈಡರ್ ತಾನಾಗಿ ಒಮ್ಮೆ ರೆಕ್ಕೆ ಆಡಿಸಿತು. ಗಾಳಿ ಎಂದುಕೊಂಡ ವ್ಯಾಪಾರಿ.

“ಹೋಗು, ಚೂರಾದರೂ ಆರಿಸಿಕೊಂಡು ಬಾ.”

“ಇದೊಂದು ಇಳೀಲಿ ಭಾವ,” ಎಂದ ಬಾಮೈದ.

“ಹಾಗಾದರೆ ನೋಡಿ ಕಲಿ. ಈಗ ಎಡಕ್ಕೆ ತಿರುಗಿಸ್ತೀನಿ.”

ತುಸು ತಡವಾಗಿ, ಗ್ಲೈಡರ್ ಎಡಕ್ಕೆ ತಿರುಗಿತು.

“ಈಗ ನಮ್ಮೆಲ್ಲರ ತಲೆ ಮೇಲೆ ಹಾಯಿಸ್ತೀನಿ.”

ತಲೆಯ ಮೇಲೆ ಹಾಯ್ದು ಹೋಯಿತು. ಜನ ಸಿಳ್ಳೆ ಹಾಕಿದರು. ವ್ಯಾಪಾರಿ ಹೇಳಿದಂತೆಲ್ಲ ಅದು ಕೇಳಿತು. ಅಷ್ಟು ಮಾತು ಕೇಳುವ ಗ್ಲೈಡರನ್ನು ಅವನು ಜನ್ಮದಲ್ಲಿ ಹಾರಿಸಿರಲಿಲ್ಲ. ಕೊನೆಗೆ, “ನನ್ನ ಕಾಲ ಬುಡಕ್ಕೆ ಬರುತ್ತೆ ನೋಡಿ,” ಎಂದ. ಬಂತು. ಹುಲ್ಲಿನ ಮೇಲೆ ಜಾರಿ ಅವನ ಚಪ್ಪಲಿಯ ಪಕ್ಕ ನಿಂತಿತು.

ಚಪ್ಪಾಳೆಯ ನಡುವೆ ವ್ಯಾಪಾರಿ ಬಾಗಿ ಅದನ್ನು ಎತ್ತಿಕೊಂಡ. ಹೆಬ್ಬೆರಳಿಗೆ ಏನೋ ಮೆತ್ತಿತು. ತಿರುಗಿಸಿ ನೋಡಿದ. ಕುಂಕುಮ.

ಮೊದಲು ಅವನಿಗೆ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ತಿಳಿಯಿತು. ಬಂಡೆಗೆ ಬಿದ್ದದ್ದು ತನ್ನದು. ಬಾಮೈದನದನ್ನು ನೋಡುತ್ತ ತಾನು ಕಡ್ಡಿ ಅಲುಗಿಸಿದ್ದಕ್ಕೆ ಎಲ್ಲೋ ಇದ್ದ ತನ್ನದು ತೂರಾಡಿ ಸತ್ತಿತು. ರೆಕ್ಕೆ ಆಡಿಸಿ ಕೇಳು ಎಂದು ಊರಿಗೆಲ್ಲ ಹೇಳಿದವನು ತಾನು ಕೇಳಲಿಲ್ಲ. ರೆಕ್ಕೆ ಆಡಿಸಿ ಕೇಳಿದವನು ಬಾಮೈದ, ತನ್ನ ಬೆನ್ನ ಹಿಂದೆ, ತನ್ನ ಬೈಗುಳದ ನಡುವೆ. ಎಡಕ್ಕೆ ಎಂದಾಗ ಎಡಕ್ಕೆ ತಿರುಗಿಸಿದವನೂ ಅವನೇ.

ವ್ಯಾಪಾರಿ ನಿಧಾನವಾಗಿ ಹಿಂದೆ ತಿರುಗಿದ. ಬಾಮೈದನ ಹೆಬ್ಬೆರಳುಗಳು ಇನ್ನೂ ಕಡ್ಡಿಗಳ ಮೇಲಿದ್ದವು. ಅವನು ರಿಮೋಟನ್ನು ಬಂದ್ ಮಾಡಿದ. ಭಾವನ ಮುಖ ನೋಡದೆ, “ನೀವು ಇಲ್ಲೇ ಇರಿ ಭಾವ. ಚೂರು ನಾನೇ ಆರಿಸ್ತೀನಿ. ಬೇರೆಯವರು ಬರೋದು ಬೇಡ, ಕಲ್ಲು ಜಾರುತ್ತೆ,” ಎಂದು ಗುಡ್ಡದ ಹಿಂಬದಿಗೆ ಇಳಿದುಹೋದ.

ಯಾರೋ ಹತ್ತಿರ ಬಂದು ವ್ಯಾಪಾರಿಯ ಬೆನ್ನು ತಟ್ಟಿದರು. “ಏನು ಕೈ ಯಜಮಾನ್ರೇ ನಿಮ್ಮದು! ಆ ನಿಮ್ಮ ಬಾಮೈದನಿಗೆ ಹೇಳಿ, ಹೂ ಕಟ್ಟೋದೇ ಸರಿ ಅಂತ.”

ವ್ಯಾಪಾರಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

ಇಷ್ಟು ಹೇಳಿ ಗುರುಗಳು ತಂಬಿಗೆ ಎತ್ತಿ ನೀರು ಕುಡಿದರು. ಕತೆ ಮುಂದುವರಿಸುವ ಲಕ್ಷಣ ಕಾಣಲಿಲ್ಲ. ಅಡುಗೆಮನೆಯಲ್ಲಿ ಅಡವಯ್ಯ ನಿನ್ನೆಯ ಸಾರಿನ ಹಂಡೆ ಉಜ್ಜುತ್ತಿದ್ದ ಸದ್ದು ಬರುತ್ತಿತ್ತು. ಚನ್ನವೀರ ಆ ಕಡೆ ನೋಡಲಿಲ್ಲ.

“ಆಮೇಲೆ, ಬುದ್ಧೀ?” ಎಂದ. “ಬಾಮೈದ ಚೂರು ಆರಿಸಿಕೊಂಡು ಮೇಲೆ ಬಂದನಲ್ಲ, ಆಗ ವ್ಯಾಪಾರಿ ಅಷ್ಟು ಜನರ ಮುಂದೆ ಏನು ಮಾಡಿದ?”

“ಅದನ್ನು ನೀನಿನ್ನೂ ಮಾಡಿಲ್ಲವಲ್ಲ, ಚನ್ನವೀರ.”