ರುಚಿ ಹೇಳಿದವನು

"ಬುದ್ಧೀ, ಒಳ್ಳೆಯದನ್ನು ಸವಿಯಬೇಕಾದರೆ ಅದರ ಬೆಲೆ ತಿಳಿದಿರಬೇಕಲ್ಲವೇ? ತಿಳಿಯದವರಿಗೆ ಮೊದಲು ತಿಳಿಸಿ ಹೇಳಿ, ಆಮೇಲೆ ಬಡಿಸಿದರೆ ತಪ್ಪೇನು?"

ಮಠದ ಜಗಲಿಯಲ್ಲಿ ಕುಳಿತು ಶಿಷ್ಯ ಹೀಗೆ ಕೇಳಿದ. ಅವನ ಹೆಸರು ಮರಿದೇವ. ಓದಿಕೊಂಡವನು, ಮಾತು ಬಲ್ಲವನು. ಹಿಂದಿನ ದಿನ ಸಂಜೆ ಮಠಕ್ಕೆ ತತ್ವಪದ ಹಾಡುವ ಒಬ್ಬ ಮುದುಕಿಯನ್ನು ಕರೆಸಿದ್ದರು. ಜನಕ್ಕೆ ಅರ್ಥವಾಗಲಿ ಎಂದು ಮರಿದೇವ ಹಾಡಿಗೆ ಮೊದಲು ಎದ್ದು ನಿಂತು ಒಂದೊಂದು ಪದವನ್ನೂ ಬಿಡಿಸಿ ಹೇಳಿದ್ದ. ಅವನು ಮುಗಿಸುವಷ್ಟರಲ್ಲಿ ಮುದುಕಿಯ ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತಾಗಿತ್ತು. ಆಕೆ ಅವಸರದಲ್ಲಿ ಒಂದು ಪಲ್ಲವಿ ಹಾಡಿ, ಕೈಮುಗಿದು ಹೊರಟುಹೋಗಿದ್ದಳು. ಜನ ಗೊಣಗಿದ್ದು ಮರಿದೇವನ ಕಿವಿಗೂ ಬಿದ್ದಿತ್ತು.

ಗುರುಗಳಿಗೆ ವಯಸ್ಸಾಗಿತ್ತು. ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದವರು ನಕ್ಕರು.

"ತಪ್ಪೋ ಸರಿಯೋ ಆಮೇಲೆ ನೋಡೋಣ. ಒಂದು ಕತೆ ಇದೆ, ಕೇಳು. ಹೆಂಡದ ಕತೆ. ಮೂಗು ಮುಚ್ಚಿಕೊಳ್ಳಬೇಡ ಮರಿ, ಕತೆಯಿಂದ ವಾಸನೆ ಬರುವುದಿಲ್ಲ."

ಹೀಗೆಂದು ಹೇಳತೊಡಗಿದರು.

ದೂರದ ಒಂದು ಸೀಮೆ. ಸುಣ್ಣಕಲ್ಲಿನ ನೆಲ, ದ್ರಾಕ್ಷಿಯದೇ ಬೇಸಾಯ. ಜನ ಆ ದ್ರಾಕ್ಷಿಯಿಂದ ನೊರೆಯೇಳುವ ವೈನು ಮಾಡುತ್ತಿದ್ದರು. ಬಾಟಲಿಗೆ ತುಂಬಿ ಬಿರಡೆ ಬಿಗಿದ ಮೇಲೆ ಆ ವೈನಿಗೆ ಒಳಗೇ ಇನ್ನೊಮ್ಮೆ ಹುದುಗು ಬರುತ್ತದೆ. ಹುದುಗಿನ ಗಾಳಿ ಹೊರಗೆ ಹೋಗಲು ದಾರಿಯಿಲ್ಲದೆ ವೈನಿನಲ್ಲೇ ಅಡಗಿ ಕೂರುತ್ತದೆ, ಬಿರಡೆ ತೆಗೆದಾಗ ಸಣ್ಣ ಗುಳ್ಳೆಯಾಗಿ ಮೇಲೇಳುತ್ತದೆ. ಎಳೆಯ ವೈನಿನಲ್ಲಿ ಗುಳ್ಳೆಯ ಅಬ್ಬರ ಜಾಸ್ತಿ, ರುಚಿ ಅಷ್ಟಕ್ಕಷ್ಟೆ. ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಮಲಗಿದ ವೈನಿನಲ್ಲಿ ರುಚಿ ತುಂಬಿಕೊಳ್ಳುತ್ತದೆ, ಗುಳ್ಳೆ ಬಡವಾಗುತ್ತದೆ. ಲೋಟಕ್ಕೆ ಸುರಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ಎರಡೂ ಒಟ್ಟಿಗಿರುತ್ತವೆ. ಹಳೆಯ ವೈನು ಕುಡಿಯುವುದೆಂದರೆ ಆ ಸ್ವಲ್ಪ ಹೊತ್ತಿನೊಳಗೆ ಕುಡಿಯುವುದು. ಅದು ಕಳೆದರೆ ಗುಳ್ಳೆಯೂ ಹೋಯಿತು, ರುಚಿಯೂ ಸೋತು ಕೂತಿತು.

ಆ ಸೀಮೆಯ ಒಬ್ಬ ರೈತ ಮುದುಕನಾಗಿ ಹಾಸಿಗೆ ಹಿಡಿದಿದ್ದ. ಅವನ ಪ್ರಾಯದಲ್ಲಿ ಒಂದು ವರ್ಷ ಫಸಲು ಅದಕ್ಕೆ ಹಿಂದೆ ಮುಂದೆ ಎಂದೂ ಬಾರದಷ್ಟು ಚೆನ್ನಾಗಿ ಬಂದಿತ್ತು. ಅಂಥ ವರ್ಷದ ವೈನನ್ನು ಬೇರೆ ವರ್ಷದ್ದರ ಜೊತೆ ಬೆರೆಸುವುದಿಲ್ಲ, ಬಾಟಲಿಯ ಮೇಲೆ ಆ ವರ್ಷವನ್ನೇ ಬರೆದು ಬೇರೆಯಾಗಿ ಇಡುತ್ತಾರೆ. ಗಸಿ ಕುತ್ತಿಗೆಗೆ ಇಳಿಯಲೆಂದು ಬಾಟಲಿಗಳನ್ನು ತಲೆಕೆಳಗಾಗಿ ನಿಲ್ಲಿಸಿ ದಿನವೂ ಚೂರುಚೂರೇ ತಿರುಗಿಸಬೇಕು. ಅದನ್ನೆಲ್ಲ ಅವನು ಕೈಯಾರೆ ಮಾಡಿದ್ದ. ಮಾಡಿದ ಮೇಲೆ, ಸಂಸಾರ ನಡೆಯಬೇಕಲ್ಲ, ಒಂದು ಬಾಟಲಿ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಎಳೆಯದಾಗಿರುವಾಗಲೇ ಮಾರಿಬಿಟ್ಟಿದ್ದ. ಅದು ಮಾಗಿದ ಮೇಲೆ ಹೇಗಾಯಿತು ಎಂಬುದು ಕೊಂಡವರಿಗೆ ಗೊತ್ತಿತ್ತು. ಮಾಡಿದವನಿಗೆ ಗೊತ್ತಿರಲಿಲ್ಲ.

ಒಂದು ದಿನ ಅವನು ಮಗನನ್ನು ಕರೆದು ಹೇಳಿದ: "ಆ ಬಾಟಲಿ ತೆಗೆಯಪ್ಪಾ. ನಾನು ಮಾಡಿದ್ದು ಏನಾಯಿತು ಅಂತ ಒಂದು ಸಲ ನೋಡಿಬಿಡುತ್ತೇನೆ."

ಮಗನಿಗೆ ಅಪ್ಪನ ಮೇಲೆ ಬಹಳ ಪ್ರೀತಿ. ಪ್ರೀತಿಯಿಂದಲೇ ಕೆಲಸ ಕೆಟ್ಟಿತು. ಇಷ್ಟು ವರ್ಷ ಕಾಯ್ದಿಟ್ಟದ್ದನ್ನು ಹಾಸಿಗೆಯ ಪಕ್ಕದಲ್ಲಿ ಸುಮ್ಮನೆ ತೆಗೆದು ಕುಡಿಸುವುದು ಅಪ್ಪನಿಗೆ ಮಾಡುವ ಅವಮಾನ ಎಂದು ಅವನಿಗೆ ಅನ್ನಿಸಿತು. ಕ್ರಮದಲ್ಲೇ ಆಗಬೇಕು ಎಂದುಕೊಂಡ.

ಕ್ರಮ ಏನೆಂದರೆ, ಹಳೆಯ ಬಾಟಲಿ ತೆಗೆದಾಗ ಬಲ್ಲವನೊಬ್ಬ ಮೊದಲ ಗುಟುಕು ಕುಡಿದು ಅದರ ರುಚಿ ಹೇಳಬೇಕು. ಅವನ ಮಾತು ಮುಗಿಯುವ ತನಕ ಉಳಿದವರು ಲೋಟ ಹಿಡಿದು ಕಾಯಬೇಕು. ಅಜ್ಜಂದಿರ ಕಾಲದಲ್ಲಿ ಇದು ಬಹಳ ಚಿಕ್ಕ ಪದ್ಧತಿಯಾಗಿತ್ತು. ಬಿರಡೆ ಕೆಟ್ಟರೆ ವೈನೂ ಕೆಡುತ್ತದೆ, ನೆಂಟರ ಮುಂದೆ ಮರ್ಯಾದೆ ಹೋಗುತ್ತದೆ. ಅದಕ್ಕೆ ಮನೆಯ ಹಿರಿಯ ಒಂದು ಗುಟುಕು ನೋಡಿ, "ಸರಿಯಿದೆ, ತೊಗೊಳ್ಳಿ" ಎನ್ನುತ್ತಿದ್ದ. ಬರಬರುತ್ತಾ ಅಷ್ಟು ಹೇಳಿದರೆ ಸಾಲದಾಯಿತು. ಏಕೆ ಸರಿಯಿದೆ, ಎಷ್ಟು ಸರಿಯಿದೆ, ಯಾವುದಕ್ಕಿಂತ ಸರಿಯಿದೆ ಎಂದೆಲ್ಲ ಹೇಳಬೇಕಾಯಿತು. ಹೇಳುವುದಕ್ಕೆಂದೇ ಜನ ತಯಾರಾದರು. ಮಾತು ಉದ್ದವಾದಷ್ಟೂ ಮನೆಗೆ ಗೌರವ ಎಂದಾಯಿತು.

ಹಾಗೆ ರುಚಿ ಹೇಳುವವರಲ್ಲಿ ಪೇಟೆಯ ಒಬ್ಬ ವ್ಯಾಪಾರಿ ಹೆಸರಾದವನು. ಮಗ ಅವನನ್ನು ಬೇಡಿಕೊಂಡು ಕರೆತಂದ. ಆ ವ್ಯಾಪಾರಿ ಡಂಭದವನು ಎಂದು ಈಗಲೇ ತೀರ್ಮಾನಿಸಬೇಡ ಮರಿ. ಹೊಗಳಿಕೆಗೆ ಸ್ವಲ್ಪ ಸೋಲುತ್ತಿದ್ದ, ಅದು ನಿಜ. ಆದರೆ ಅವನ ನಾಲಿಗೆ ಸುಳ್ಳು ನಾಲಿಗೆಯಲ್ಲ. ಒಂದು ಗುಟುಕಿನಲ್ಲಿ ಯಾವ ಇಳಿಜಾರಿನ ದ್ರಾಕ್ಷಿ ಎಂದು ಹೇಳಬಲ್ಲವನಾಗಿದ್ದ. ವೈನನ್ನು ಅವನು ಪ್ರೀತಿಸುತ್ತಿದ್ದ.

ಮುದುಕನನ್ನು ಎತ್ತಿ ತಂದು, ಬೆನ್ನಿಗೆ ದಿಂಬು ಕೊಟ್ಟು ಕುರ್ಚಿಯಲ್ಲಿ ಕೂರಿಸಿದರು. ನೆರೆಹೊರೆಯವರು ಒಗೆದ ಬಟ್ಟೆ ಉಟ್ಟು ಬಂದರು. ವ್ಯಾಪಾರಿ ಬಾಟಲಿಯನ್ನು ಕೈಗೆ ತೆಗೆದುಕೊಂಡ. ಢಬ್ಬೆಂದು ಬಿರಡೆ ಹಾರಿಸುವುದು ಹುಡುಗಾಟಿಕೆ. ಅವನು ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ಮೆಲ್ಲಗೆ ತಿರುಗಿಸಿದ. ಉಸಿರು ಬಿಟ್ಟಷ್ಟೇ ಸದ್ದಾಯಿತು. ಮೊದಲು ಮುದುಕನ ಲೋಟಕ್ಕೆ, ಆಮೇಲೆ ಎಲ್ಲರ ಲೋಟಕ್ಕೂ ಸ್ವಲ್ಪ ಸ್ವಲ್ಪ ಸುರಿದ. ಅದು ಹಳೆಯ ಬಂಗಾರದ ಬಣ್ಣಕ್ಕೆ ತಿರುಗಿತ್ತು. ತಳದಿಂದ ಸೂಜಿಮೊನೆಯಷ್ಟು ಗುಳ್ಳೆಗಳು ಎಳೆಎಳೆಯಾಗಿ ಏಳುತ್ತಿದ್ದವು.

ವ್ಯಾಪಾರಿ ಮೊದಲ ಗುಟುಕು ಕುಡಿದ. ಅವನ ಕಣ್ಣಲ್ಲಿ ನೀರು ಬಂತು. ಅಂಥದ್ದನ್ನು ಅವನು ಎಂದೂ ಕುಡಿದಿರಲಿಲ್ಲ.

ಆಗ ಅವನು "ಸರಿಯಿದೆ" ಎಂದಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಇಷ್ಟು ದೊಡ್ಡ ವೈನಿಗೆ ಇಷ್ಟು ಚಿಕ್ಕ ಮಾತೇ? ಅವನು ಬಣ್ಣದಿಂದ ಶುರು ಮಾಡಿದ. ವಾಸನೆಗೆ ಬಂದ. ಆಗತಾನೆ ಕಾವಲಿಯಿಂದ ಇಳಿಸಿದ ರೊಟ್ಟಿಯ ವಾಸನೆ, ಹುರಿದ ಬೀಜದ ವಾಸನೆ, ಅದರ ಹಿಂದೆ ಜೇನು. ಆ ವರ್ಷದ ಮಳೆ ಯಾವಾಗ ಬಂತು, ಬಿಸಿಲು ಹೇಗೆ ಕಾಯ್ದಿತ್ತು, ಸುಣ್ಣಕಲ್ಲು ಬೇರಿಗೆ ಏನು ಕೊಟ್ಟಿತು ಎಂದು ಹೇಳಿದ. ಹೇಳಿದ್ದೆಲ್ಲ ನಿಜ. ಇಂಥದ್ದನ್ನು ಬಹಳ ತಣ್ಣಗೆ ಮಾಡಬಾರದು, ಬಾಯಿ ಕಿರಿದಾದ ಲೋಟಕ್ಕೆ ಸುರಿಯಬಾರದು ಎಂದ. ಈ ಗುಳ್ಳೆ ಹೆಚ್ಚು ಹೊತ್ತು ನಿಲ್ಲುವಂಥದ್ದಲ್ಲ, ಸುರಿದ ಕೂಡಲೇ ಕುಡಿಯಬೇಕು ಎಂಬುದನ್ನೂ ಹೇಳಿದ. ಜನ ತಲೆದೂಗಿದರು. ಲೋಟವನ್ನು ಮಾತ್ರ ಯಾರೂ ಎತ್ತಲಿಲ್ಲ.

ಮುದುಕನಿಗೆ ಕಣ್ಣು ಮಂಜಾಗಿತ್ತು. ಅವನು ಲೋಟವನ್ನು ಕಿವಿಯ ಹತ್ತಿರ ಹಿಡಿದು ತಲೆ ಓರೆ ಮಾಡಿಕೊಂಡಿದ್ದ. ವ್ಯಾಪಾರಿ ಅದನ್ನು ಕಂಡ. ಪಾಪ, ಕಿವಿ ಮಂದ, ನನ್ನ ಮಾತು ಕೇಳಿಸಿಕೊಳ್ಳಲು ಕಷ್ಟಪಡುತ್ತಿದ್ದಾನೆ ಎಂದುಕೊಂಡು ದನಿ ಏರಿಸಿದ. ಇನ್ನಷ್ಟು ಬಿಡಿಸಿ ಹೇಳಿದ. ಸ್ವಲ್ಪ ಹೊತ್ತಾದ ಮೇಲೆ ಮುದುಕ ಲೋಟವನ್ನು ಮಡಿಲಿಗೆ ಇಳಿಸಿಕೊಂಡ. ಈಗ ಚೆನ್ನಾಗಿ ಕೇಳಿಸುತ್ತಿದೆ ಎಂದು ವ್ಯಾಪಾರಿಗೆ ಸಮಾಧಾನವಾಯಿತು.

ಕೊನೆಗೆ ಮಾತು ಮುಗಿಯಿತು. ಎಲ್ಲರೂ ಲೋಟ ಎತ್ತಿ ಕುಡಿದರು. "ಆಹಾ, ಹೇಳಿದ ಹಾಗೇ ಇದೆ" ಎಂದರು. ವ್ಯಾಪಾರಿಯೂ ತನ್ನ ಎರಡನೆಯ ಗುಟುಕು ಕುಡಿದ.

ಕೈಯ ಕಾವಿಗೆ ಬೆಚ್ಚಗಾದ, ಸಪ್ಪೆಯಾದ ಏನೋ ಒಂದು ನಾಲಿಗೆಯ ಮೇಲೆ ಹರಿಯಿತು. ಅದರಲ್ಲಿ ರೊಟ್ಟಿಯೂ ಇರಲಿಲ್ಲ, ಜೇನೂ ಇರಲಿಲ್ಲ. ಆ ಕೋಣೆಯಲ್ಲಿ ಬೇರೆ ಯಾರಿಗೂ ಅದು ತಿಳಿಯಲಿಲ್ಲ, ಅವರೆಲ್ಲ ಮಾತನ್ನು ಕುಡಿದಿದ್ದರು. ತಿಳಿದದ್ದು ಅವನೊಬ್ಬನಿಗೆ. ಅಷ್ಟು ಹೊತ್ತು ಮುದುಕ ಕಿವಿಗೊಟ್ಟು ಕೇಳುತ್ತಿದ್ದದ್ದು ಗುಳ್ಳೆಯ ಸದ್ದನ್ನು, ಲೋಟವನ್ನು ಇಳಿಸಿದ್ದು ಅದು ನಿಂತಾಗ ಎಂಬುದೂ ಆಗ ತಿಳಿಯಿತು.

ಅವನು ಮುದುಕನ ಬಳಿ ಹೋಗಿ ಬಗ್ಗಿ ಕೇಳಿದ: "ಹೇಗಿದೆ ಅಜ್ಜಾ?"

ಮುದುಕ ಲೋಟವನ್ನು ಬರಿದು ಮಾಡಿದ್ದ. ತುಟಿ ಒರೆಸಿಕೊಂಡು ಹೇಳಿದ: "ನೀವು ಬಲ್ಲವರು. ನೀವು ಹೇಳಿದ ಮೇಲೆ ಚೆನ್ನಾಗಿಯೇ ಇದ್ದಿರಬೇಕು."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ವ್ಯಾಪಾರಿ ಬದುಕಿಕೊಳ್ಳುತ್ತಿದ್ದ. ಮುದುಕ ತಾನು ಮಾಡಿದ್ದರ ರುಚಿಯನ್ನು ಇನ್ನೊಬ್ಬನ ಬಾಯಿಂದ ನಂಬಿ ಸುಮ್ಮನಾಗಿದ್ದ. ವ್ಯಾಪಾರಿಗೆ ತಲೆ ಎತ್ತಲಾಗಲಿಲ್ಲ. ಎಲ್ಲರ ಎದುರು ಬೈಸಿಕೊಂಡವನಿಗೆ ಆಗುವ ನಾಚಿಕೆ ಒಂದು. ಎಲ್ಲರೂ ಕೈಮುಗಿಯುತ್ತಿರುವಾಗ ಒಳಗೊಳಗೇ ಆಗುವ ನಾಚಿಕೆ ಇನ್ನೊಂದು. ಅದನ್ನು ಇಳಿಸಿಕೊಳ್ಳಲು ಜಾಗವಿಲ್ಲ. ಮಗ ಬಂದು ಅವನಿಗೆ ಶಾಲು ಹೊದಿಸಿದ. ಅವನು ಹೊದಿಸಿಕೊಂಡ. ಬೇಡವೆನ್ನಲು ಕಾರಣ ಹೇಳಬೇಕಾಗುತ್ತಿತ್ತು.

ಆಮೇಲೆ ಅವನು ಊರೂರು ತಿರುಗಿ ಆ ವರ್ಷದ ಇನ್ನೊಂದು ಬಾಟಲಿಗಾಗಿ ಹುಡುಕಿದ. ದೊಡ್ಡವರ ಮನೆ ಬಾಗಿಲಲ್ಲಿ ನಿಂತು ಕೇಳಿದ. ಸಿಗಲಿಲ್ಲ. ಹುಡುಕುತ್ತಿರುವಾಗಲೇ ಮುದುಕ ತೀರಿಕೊಂಡ ಸುದ್ದಿ ಬಂತು. ಹೋಗಿ ಮಗನ ಎದುರು ನಿಂತ. ಮಗ ಅವನ ಎರಡೂ ಕೈ ಹಿಡಿದುಕೊಂಡು, "ಅಪ್ಪನ ಆಸೆ ತೀರಿಸಿದಿರಿ. ನಿಮ್ಮ ಉಪಕಾರ ಮರೆಯುವುದಿಲ್ಲ" ಎಂದ.

ವ್ಯಾಪಾರಿ ಬಾಯಿ ತೆರೆದ. ತೀರಿಸಲಿಲ್ಲಪ್ಪಾ, ನಾನೇ ಕೆಡಿಸಿದೆ ಎಂದು ಹೇಳಿ ಹಗುರಾಗಬೇಕೆಂದು ಬಂದಿದ್ದ. ಮಗನ ಮುಖ ನೋಡಿದ. ಹೇಳಿದರೆ ತನ್ನ ಭಾರ ಇಳಿಯುತ್ತದೆ, ಆದರೆ ಇವನ ಪಾಲಿಗೆ ಉಳಿದಿರುವ ಒಂದೇ ಸಮಾಧಾನ ಹೋಗುತ್ತದೆ. ಬಾಯಿ ಮುಚ್ಚಿಕೊಂಡ. ಮುಚ್ಚಿಕೊಂಡೇ ಮನೆಗೆ ಹೋದ. ಆಮೇಲೆ ಅವನನ್ನು ರುಚಿ ಹೇಳಲು ಎಷ್ಟು ಜನ ಕರೆದರೂ ಅವನು ಹೋಗಲಿಲ್ಲ. ಬಹಳ ಗರ್ವ ಬಂದಿದೆ ಎಂದು ಜನ ಆಡಿಕೊಂಡರು. ಅದನ್ನೂ ಕೇಳಿಸಿಕೊಂಡ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

ಮರಿದೇವ ಕತೆಯನ್ನು ಮೈಯೆಲ್ಲ ಕಿವಿಯಾಗಿ ಕೇಳಿದ್ದ. ಅವನ ಮುಖ ಅರಳಿತು.

"ಅರ್ಥವಾಯಿತು ಬುದ್ಧೀ. ವ್ಯಾಪಾರಿಯ ಅರಿವಿನಲ್ಲಿ ದೋಷವಿರಲಿಲ್ಲ, ಅವನು ಹೊತ್ತು ನೋಡಲಿಲ್ಲ ಅಷ್ಟೆ. ಇನ್ನು ಆ ಮುದುಕ ಇದ್ದಾನಲ್ಲ, ಅವನನ್ನು ಎರಡು ರೀತಿಯಲ್ಲಿ ತಿಳಿಯಬಹುದು. ಮೊದಲನೆಯದಾಗಿ..."

ಗುರುಗಳು ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

"ನಿನ್ನೆ ಆ ತಾಯಿಯನ್ನು ಹೇಳಿಕಳಿಸಿ ಕರೆಸಿದ್ದು ನಾನು, ಮರಿ, ಇನ್ನೊಂದು ಸಲ ಆಕೆಯ ಹಾಡು ಕೇಳಬೇಕೆಂದು ನನಗೇ ಆಸೆಯಾಗಿತ್ತು."