ಹೊಳೆಗೆ ಹೇಳಿದ ಪಾಠ

ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ. ಬಾಗಿಲ ಹತ್ತಿರದವರು ಒಳಗೆ ಸರೀರಿ. ಹಾಂ, ಈಗ ಕೇಳಿ.

ಹೊಳೆದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಗುರು ಅಜ್ಜಯ್ಯ. ಮಕ್ಕಳಿಗೆ ಪಾಠ ಹೇಳುವ ಕೆಲಸ ಹಿರಿಯ ಶಿಷ್ಯ ಚೆನ್ನವೀರನದು.

ಪಾಠ ಹೇಳುವವನು ಹೊಳೆಗೆ ಮುಖ ಮಾಡಿ ಕೂರಬೇಕು. ಮಕ್ಕಳು ಅವನ ಬೆನ್ನ ಹಿಂದೆ. ಹೊಳೆತಾಯಿಗೆ ಬೆನ್ನು ಹಾಕಬಾರದು ಅನ್ನೋದು ಅಲ್ಲಿಯ ರೂಢಿ.

ಆ ಮಕ್ಕಳ ನಡುವೆ ದ್ಯಾಮವ್ವ ಅಂತ ಒಂದು ಹುಡುಗಿ. ಜ್ವರ ಬಂದು ಕಿವಿ ಹೋಗಿತ್ತು. ಬಿಟ್ಟುಹೋಗುವಾಗ ಅವಳ ತಾಯಿ, "ತುಟಿ ನೋಡಿ ತಿಳ್ಕೊಂತಾಳೆ, ಸ್ವಾಮೀ" ಅಂದಿದ್ದಳು.

ಚೆನ್ನವೀರ "ಹೂಂ" ಅಂದಿದ್ದ.

ಮಳೆ ಕಳೆದು ಚಳಿ ಬಂತು. ಹುಡುಗಿ ಒಂದು ಸಾಲೂ ಒಪ್ಪಿಸಲಿಲ್ಲ.

"ಅಜ್ಜಯ್ಯ, ಇದು ನನ್ನಿಂದಾಗೋ ಕೆಲಸ ಅಲ್ಲ. ಮನೆಗೆ ಕಳಿಸಿಬಿಡೋಣ."

"ಕಳಿಸೋಣಂತೆ. ಕಲಿತದ್ದನ್ನು ಒಮ್ಮೆ ಕೇಳಿ ಕಳಿಸೋಣ."

ಹೇಳಿಕಳಿಸಿದ ಮೇಲೆ ತಾಯಿ ಬಂದಳು. ಬುತ್ತಿಗಂಟು ಎದೆಗವುಚಿ ಮೂಲೆಯಲ್ಲಿ ನಿಂತಳು. ಅಜ್ಜಯ್ಯ ಹುಡುಗಿಯ ಎದುರಿಗೇ ಕುಕ್ಕರುಗಾಲಲ್ಲಿ ಕೂತರು.

"ಮಗಳೇ, ಚೆನ್ನವೀರ ನಿನಗೇನು ಕಲಿಸಿದ?"

ಹುಡುಗಿ ಕೈಕಟ್ಟಿ, ನೆಟ್ಟಗೆ ನಿಂತು ಒಪ್ಪಿಸಿದಳು.

"ಕಲ್ಲುಗುಂಡು. ದಂಡಪಿಂಡ. ನಿನ್ನ ತಲೇಲಿ ಬರೀ ಮಣ್ಣು. ಎದ್ದು ಆಚೆ ಹೋಗು."

ದನಿ ಏರುಪೇರಾದರೂ ಒಂದು ಮಾತೂ ತಪ್ಪಲಿಲ್ಲ. ಮಕ್ಕಳು ಕಿಸಕ್ಕನೆ ನಕ್ಕರು. ತಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ಅಲ್ಲಿಗೇ ನಿಂತಿತು.

"ಭೇಷ್, ಎಷ್ಟು ಚೆಂದ ಕಲಿತಿದ್ದಾಳಲ್ಲೋ!" ಅಂದರು ಅಜ್ಜಯ್ಯ. "ಇದನ್ನು ಹೇಗೆ ಕಲಿಸಿದೆ?"

ಚೆನ್ನವೀರನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಬೈಯುವಾಗ… ಬೈಯುವಾಗ ಮಾತ್ರ ಅವಳ ಕಡೆ ತಿರುಗುತ್ತಿದ್ದೆ, ಅಜ್ಜಯ್ಯ."

ಅಜ್ಜಯ್ಯ ಎದ್ದರು. ಹೊಳೆಗೆ ಮುಖ ಮಾಡಿ ಹಾಸಿದ್ದ ಚೆನ್ನವೀರನ ಚಾಪೆಯನ್ನು ತಾವೇ ಎತ್ತಿ, ಹುಡುಗಿಯ ಎದುರಿಗೆ ಹಾಸಿದರು.

ಚೆನ್ನವೀರ ಕೂತ. ತಲೆ ಎತ್ತುವುದಕ್ಕೆ ಬಹಳ ಹೊತ್ತು ಬೇಕಾಯಿತು. ಎತ್ತದೆ ವಿಧಿಯಿಲ್ಲ, ಹುಡುಗಿ ಅವನ ತುಟಿಗಾಗಿ ಕಾಯುತ್ತಿದ್ದಳು.

ಆಮೇಲೇನಾಯ್ತು ಅಂತೀರಾ? ತಾಯಿ ಬುತ್ತಿಯನ್ನು ಮಕ್ಕಳಿಗೆಲ್ಲ ಹಂಚಿ, ಒಬ್ಬಳೇ ಊರಿಗೆ ಹೋದಳು. ದ್ಯಾಮವ್ವ ಬೆಳೆದು ಅದೇ ದಂಡೆಯಲ್ಲಿ ಪಾಠ ಹೇಳಿದಳು. ಚೆನ್ನವೀರನಿಗೆ ಸಾಯೋತನಕ ಸಿಟ್ಟು ಹೋಗಲಿಲ್ಲ. ಬೈಯಲೇಬೇಕಾದಾಗ ಎದ್ದುಹೋಗಿ ಹೊಳೆಯನ್ನು ಬೈದು ಬರುತ್ತಿದ್ದ.

ಅಜ್ಜಯ್ಯನವರಿಗೆ ವಯಸ್ಸಾಯಿತು. ಯಾರೋ ಬಂದವರು ಕೇಳಿದರು: "ಏನು ಸ್ವಾಮೀ, ಇಲ್ಲಿ ಹೊಳೆಗೇ ಬೆನ್ನು ಹಾಕಿ ಪಾಠ ಹೇಳ್ತಾರಲ್ಲ, ತಪ್ಪಲ್ಲವೇ?"

ಅಜ್ಜಯ್ಯ ತಲೆ ತಗ್ಗಿಸಿದರು.

"ನಾನೂ ಹೊಳೆಗೇ ಪಾಠ ಹೇಳಿದವನಪ್ಪ. ಅದು ಒಂದು ಸಾಲಾದರೂ ಒಪ್ಪಿಸಿತೇ?"