ಕರಡಿಯಜ್ಜಿಯ ಬಾಗಿಲ ಕಲ್ಲುಗಳು

ಒಂದು ಕಾಡಿನಲ್ಲಿ ಮದ್ದು ಕೊಡುವ ಮುದಿ ಕರಡಿಯಜ್ಜಿ ಇದ್ದಳು. ಮದ್ದು ಅರೆದು ಅರೆದು ಅವಳಿಗೆ ದಣಿವಾಗಿತ್ತು. ಕೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಇಟ್ಟುಕೊಂಡು ಇನ್ನೂ ಹೆಚ್ಚು ದಣಿವಾಗಿತ್ತು. ಏಕೆಂದರೆ ಬಂದವರು ಅವಳಿಗೆ ಎಲ್ಲವನ್ನೂ ಹೇಳಬೇಕಿತ್ತು. ಹೇಳದಿದ್ದರೆ ಮದ್ದು ಕೊಡುವುದು ಹೇಗೆ? ಅದಕ್ಕೇ ಒಂದು ಕಟ್ಟಳೆ ಇತ್ತು. ಮೊದಲ ಸಲ ಬಂದ ಪ್ರಾಣಿ ಗುಹೆಯ ಬಾಗಿಲಲ್ಲಿ ತನ್ನದೊಂದು ಕಲ್ಲು ಇಡಬೇಕು. ಒಂದು ಪ್ರಾಣಿಗೆ ಒಂದೇ ಕಲ್ಲು. ಅದು ಅಲ್ಲಿರುವವರೆಗೆ ಆ ಪ್ರಾಣಿ ಆಡಿದ ಯಾವ ಮಾತನ್ನೂ ಅಜ್ಜಿ ಹೊರಗೆ ಹೇಳಬಾರದು. ಕಲ್ಲನ್ನು ಇಟ್ಟವರೇ ಎತ್ತಬೇಕು, ಬೇರೆಯವರು ಮುಟ್ಟುವಂತಿಲ್ಲ.

ಒಮ್ಮೆ ನವಿಲಿನ ಮೊಟ್ಟೆಗಳು ಕಳವಾದವು. ನರಿ ಮುಂಗುಸಿಯ ಮೇಲೆ ದೂರು ಹೇಳಿತು. ತಪ್ಪು ಸಾಬೀತಾದರೆ ಮುಂಗುಸಿ ಕಾಡು ಬಿಡಬೇಕಿತ್ತು. ಅಜ್ಜಿಗೆ ನಡೆಯಲಾಗದು ಎಂದು, ಕಾಡಿನಲ್ಲಿ ನ್ಯಾಯ ಹೇಳುವ ಹಿರಿಯ ಆನೆ ಅವಳ ಗುಹೆಯ ಮುಂದೆಯೇ ನ್ಯಾಯ ಸೇರಿಸಿತು. ಮೂರನೆಯ ದಿನವೂ ವಾದ ಮುಗಿಯಲಿಲ್ಲ. ಆನೆಯ ಕಿವಿಗಳು ಸೋತು ಜೋತುಬಿದ್ದಿದ್ದವು.

"ಮೊಟ್ಟೆ ಹೋದ ದಿನ ಮುಂಗುಸಿ ಇಲ್ಲಿಗೆ ಬಂದಿತ್ತು. ಏನು ಹೇಳಿತು ಅಂತ ಅಜ್ಜಿ ಹೇಳಲಿ," ಎಂದಿತು ನರಿ.

"ಅದರ ಕಲ್ಲು ಇನ್ನೂ ಇದೆಯಲ್ಲಪ್ಪ," ಎಂದಳು ಅಜ್ಜಿ.

ಎಲ್ಲರೂ ಮುಂಗುಸಿಯನ್ನು ನೋಡಿದರು. ಅಂದು ಅದು ಜ್ವರ ಬಂದ ಮರಿಗಳಿಗೆ ಮದ್ದು ಕೇಳಿ, ಅವುಗಳನ್ನು ಬಚ್ಚಿಟ್ಟ ಬಿಲ ಯಾವುದೆಂದು ಹೇಳಿತ್ತು. ಆ ಬಿಲವನ್ನೇ ನರಿ ಬಹಳ ದಿನಗಳಿಂದ ಹುಡುಕುತ್ತಿತ್ತು.

"ಕಾಡು ಬೇಕಾದರೆ ಬಿಡ್ತೀನಿ ದೊಡ್ಡಯ್ಯ. ಕಲ್ಲು ಮಾತ್ರ ಎತ್ತಲ್ಲ," ಎಂದು ಮುಂಗುಸಿ ಆನೆಗೆ ಹೇಳಿತು.

ನರಿ ನಕ್ಕಿತು. "ಕಳ್ಳರಿಗಲ್ಲವೇ ಕಲ್ಲು ಬೇಕಾಗೋದು! ನನಗೇನು ಭಯ? ಹೋದ ವರ್ಷ ಕಾಲಿನ ಮುಳ್ಳು ತೆಗೆಸಿಕೊಂಡಾಗ ಇಟ್ಟ ಕಲ್ಲು ಇದು. ನೋಡಿ!" ಎಂದು ತನ್ನ ಕಲ್ಲನ್ನು ಎತ್ತಿ ಎಸೆಯಿತು.

ಅಜ್ಜಿ ನಿಟ್ಟುಸಿರು ಬಿಟ್ಟಳು. "ಒಬ್ಬರಿಗೆ ಒಂದೇ ಕಲ್ಲು ಕಣೋ. ಮುಳ್ಳಿನ ಮಾತಿಗೂ ಅದೇ, ಆಮೇಲೆ ಬಂದು ಆಡಿದ ಮಾತಿಗೂ ಅದೇ."

ನರಿಯ ಬಾಲ ಇಳಿಯಿತು. "ತಡಿ ಅಜ್ಜಿ, ಮತ್ತೆ ಇಡ್ತೀನಿ!"

"ಎತ್ತಿದ್ದು ಎತ್ತಿದ್ದೇ," ಎಂದಿತು ಆನೆ. "ಹೇಳು ಅಜ್ಜಿ."

"ಮೊಟ್ಟೆ ಹೋದ ದಿನ ಇವನೂ ಗಂಟಲು ಹಿಡಿದುಕೊಂಡು ಬಂದ. ನವಿಲಿನ ಮೊಟ್ಟೆ ಅವಸರದಲ್ಲಿ ನುಂಗಿದೆ, ಚಿಪ್ಪು ಸಿಕ್ಕಿಕೊಂಡಿದೆ ಅಂದ. ತೆಗೆದೆ. ಅವತ್ತಿನಿಂದ ಅದು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು."

ನರಿ ಕಾಡು ಬಿಟ್ಟು ಹೋಯಿತು. ಮುಂಗುಸಿ ತನ್ನ ಕಲ್ಲನ್ನು ಇನ್ನಷ್ಟು ಒಳಗೆ ಸರಿಸಿತು. ಅಜ್ಜಿ ಅಲ್ಲೇ ಬಾಗಿಲಲ್ಲಿ ಒರಗಿ ಕಣ್ಣು ಮುಚ್ಚಿದಳು.

ನೀತಿ: ನಂಬಿ ಹೇಳಿದ ಗುಟ್ಟನ್ನು ಕಾಯುವುದು ತಪ್ಪಲ್ಲ, ಇನ್ನೊಬ್ಬರ ಗುಟ್ಟು ಕೆದಕಲು ಹೋದವರ ಗುಟ್ಟೇ ಮೊದಲು ಬಯಲಾಗುತ್ತದೆ.